ಕುಲೇಬ್ರಾ ದ್ವೀಪದಲ್ಲಿ ಒಂದು ರಾತ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆರಿಬಿಯನ್ ಸಮುದ್ರದಲ್ಲಿ, ಪೋರ್ಟೊ ರಿಕೊದ ಪೂರ್ವ ಕರಾವಳಿಯಿಂದ ಸುಮಾರು 27 ಕಿಲೋಮೀಟರ್ ಆಚೆ ಕುಲೇಬ್ರಾ ಇದೆ. ಉದ್ದ ಸುಮಾರು 11 ಕಿ.ಮೀ., ಅಗಲ 5 ಕಿ.ಮೀ. 2020ರ ಜನಗಣತಿಯ ಹೊತ್ತಿಗೆ ಇಲ್ಲಿದ್ದವರು 1,792 ಮಂದಿ. ದೊಡ್ಡ ಕಂಪನಿಗಳ ರೆಸಾರ್ಟು ಒಂದೂ ಇಲ್ಲ. ಡ್ಯೂಯಿ ಎಂಬ ಒಂದೇ ಊರು, ಅದರ ಸುತ್ತ ಗುಡ್ಡಗಳು, ಗುಡ್ಡದಾಚೆ ಕಡಲತೀರಗಳು. ಅಮೆರಿಕದಲ್ಲಿರುವ ಕನ್ನಡಿಗರೂ ಅಲ್ಲಿಗೆ ಮಕ್ಕಳನ್ನು ನೋಡಲು ಬಂದ ತಂದೆತಾಯಂದಿರೂ ಇಲ್ಲಿಗೆ ಹೋಗುವ ಮುಂಚೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದರೆ ಸಾಲದೇ? ರಾತ್ರಿ ಉಳಿಯಲೇಬೇಕೇ?

ಉಳಿಯಿರಿ. ಒಂದು ದಿನಕ್ಕೆಂದು ಬರುವವರೆಲ್ಲ ಬೆಳಗಿನ ಫೆರಿಯಲ್ಲಿ ಒಟ್ಟಿಗೆ ಇಳಿದು ಒಟ್ಟಿಗೆ ಫ್ಲಮೆಂಕೊ ಬೀಚಿಗೆ ಹೋಗುತ್ತಾರೆ. ಮಧ್ಯಾಹ್ನ ಎರಡೂವರೆ ಮೂರಾಯಿತೆಂದರೆ ಮರಳುವ ಫೆರಿಯ ಸಾಲಿನಲ್ಲಿ ನಿಲ್ಲುವ ಚಿಂತೆ ಶುರು. ಲೆಕ್ಕ ಹಾಕಿದರೆ ನೀರಿನಲ್ಲಿ ಕಳೆದದ್ದು ಮೂರು ಗಂಟೆ, ಸಾಲಿನಲ್ಲೂ ವಾಹನದಲ್ಲೂ ಕಳೆದದ್ದು ಎಂಟು ಗಂಟೆ. ಉಳಿದುಕೊಂಡವರಿಗೆ ನಾಲ್ಕು ಗಂಟೆಯ ನಂತರದ ಫ್ಲಮೆಂಕೊ ಸಿಗುತ್ತದೆ. ಜನ ಕರಗಿರುತ್ತಾರೆ, ಬಿಸಿಲು ಇಳಿದಿರುತ್ತದೆ, ಮರಳು ಬರಿಗಾಲಿಗೆ ಹಿತವಾಗಿರುತ್ತದೆ. ಮರುದಿನ ಬೆಳಿಗ್ಗೆ ಎಂಟಕ್ಕೆ, ಆ ದಿನದ ಮೊದಲ ಗುಂಪು ಬಂದಿಳಿಯುವ ಮುಂಚೆ, ತಮರಿಂಡೊ ಬೀಚಿನಲ್ಲಿ ಆಮೆಗಳ ಜೊತೆ ಈಜಬಹುದು. ಈ ಎರಡು ಹೊತ್ತು ರಾತ್ರಿ ತಂಗಿದವರಿಗೆ ಮಾತ್ರ ಸಿಗುವಂಥವು.

ಎರಡು ರಾತ್ರಿ ಸಾಧ್ಯವಾದರೆ ಇನ್ನೂ ಒಳ್ಳೆಯದು. ಆದರೆ ಒಂದೇ ರಾತ್ರಿಯಾದರೆ ಎರಡೇ ಬೀಚು ಇಟ್ಟುಕೊಳ್ಳಿ. ನಾಲ್ಕು ಜಾಗ ಪಟ್ಟಿ ಮಾಡಿಕೊಂಡು ಓಡಾಡುವ ಊರಲ್ಲ ಇದು.

ಎಚ್-1ಬಿ (ಉದ್ಯೋಗ) ವೀಸಾದ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಅವಧಿ ಮುಗಿದಿದೆ. ಹೋಗಬಹುದೇ?

ಹೋಗಬಹುದು. ಪೋರ್ಟೊ ರಿಕೊ ಅಮೆರಿಕದ ಆಡಳಿತಕ್ಕೆ ಸೇರಿದ ಪ್ರದೇಶ. ವಲಸೆ ಕಾನೂನಿನ ಲೆಕ್ಕದಲ್ಲಿ ಅದು ಅಮೆರಿಕದ ಒಳಗೇ ಇದೆ. ನ್ಯೂಯಾರ್ಕಿನಿಂದಲೋ ಅಟ್ಲಾಂಟಾದಿಂದಲೋ ನೇರವಾಗಿ ಪೋರ್ಟೊ ರಿಕೊದ ರಾಜಧಾನಿ ಸಾನ್ ಹ್ವಾನ್‌ಗೆ ಹಾರುವುದು ದೇಶದೊಳಗಿನ ಪ್ರಯಾಣವೇ. ನೀವು ಅಮೆರಿಕ ಬಿಟ್ಟು ಹೋಗುತ್ತಿಲ್ಲವಾದ್ದರಿಂದ ಹೊಸ ಸ್ಟಾಂಪಿಂಗ್ ಪ್ರಶ್ನೆಯೇ ಏಳುವುದಿಲ್ಲ. ನಿಮ್ಮ ಐ-94 (ಎಲ್ಲಿಯವರೆಗೆ ಅಮೆರಿಕದಲ್ಲಿ ಇರಬಹುದೆಂದು ತಿಳಿಸುವ ಪ್ರವೇಶ ದಾಖಲೆ) ಅವಧಿ ಚಾಲ್ತಿಯಲ್ಲಿರಬೇಕು, ಅಷ್ಟೆ. ಪಾಸ್‌ಪೋರ್ಟ್, ಐ-94 ಪ್ರತಿ, ಎಚ್-1ಬಿಯವರು ಐ-797 (ಎಚ್-1ಬಿ ಮಂಜೂರಾತಿ ಪತ್ರ), ವಿದ್ಯಾರ್ಥಿಗಳು ಐ-20 (ಕಾಲೇಜು ಕೊಟ್ಟ ಪ್ರವೇಶ ಪತ್ರ) ಇಟ್ಟುಕೊಳ್ಳಿ. ಸಾನ್ ಹ್ವಾನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ದಾಖಲೆ ಕೇಳುವ ಅಧಿಕಾರ ಹೊಂದಿದ್ದಾರೆ. ಕೈಯಲ್ಲಿ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಎಚ್ಚರ ವಹಿಸಬೇಕಾದ್ದು ಮೂರು ಕಡೆ. ಒಂದು, ಟಿಕೆಟ್ ಅಗ್ಗವೆಂದು ಬೇರೆ ದೇಶದ ಮೂಲಕ ಹೋಗುವ ವಿಮಾನ ಹಿಡಿಯಬೇಡಿ. ಎರಡು, ಕುಲೇಬ್ರಾದಿಂದ ಖಾಸಗಿ ದೋಣಿಗಳು ಪೂರ್ವದ ವರ್ಜಿನ್ ದ್ವೀಪಗಳ ಕಡೆಗೂ ಹೋಗುತ್ತವೆ. ಅವುಗಳಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳು ಬೇರೆ ದೇಶ. ಒಂದು ಗಂಟೆಗೆಂದು ಅಲ್ಲಿ ಕಾಲಿಟ್ಟರೂ ನೀವು ಅಮೆರಿಕ ಬಿಟ್ಟಂತೆ, ಮರಳಿ ಬರಲು ಚಾಲ್ತಿಯಲ್ಲಿರುವ ವೀಸಾ ಬೇಕು. ದೋಣಿಯವರು ‘ಹೋಗಿ ಬರೋಣ’ ಎಂದರೆ ಯಾವ ದ್ವೀಪ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಿ. ಮೂರು, ವರ್ಜಿನ್ ದ್ವೀಪಗಳಲ್ಲೇ ಒಂದಾದ ಸೇಂಟ್ ಥಾಮಸ್ ಅಮೆರಿಕದ್ದೇ ಆದರೂ ಅಲ್ಲಿಂದ ಹೊರಡುವಾಗ ಕಸ್ಟಮ್ಸ್ ಮತ್ತು ವಲಸೆ ತಪಾಸಣೆ ದಾಟಬೇಕು.

ಅಪ್ಪ ಅಮ್ಮ ಬಿ-2 (ಪ್ರವಾಸಿ) ವೀಸಾದಲ್ಲಿ ಬಂದಿದ್ದರೆ ಅವರಿಗೂ ಇದೇ ನಿಯಮ. ಒಂದೇ ಬಾರಿ ಪ್ರವೇಶದ ವೀಸಾ ಆಗಿದ್ದರೂ ತೊಂದರೆಯಿಲ್ಲ. ಭಾರತದಿಂದ ನೇರವಾಗಿ ಕುಲೇಬ್ರಾಗೆಂದೇ ಹೊರಡುವವರಿಗೆ ಅಮೆರಿಕದ ವೀಸಾ ಬೇಕೇ ಬೇಕು.

ಯಾವ ಮಾರ್ಗದಲ್ಲಿ ತಲುಪಬೇಕು?

ಮೊದಲು ಸಾನ್ ಹ್ವಾನ್. ಅಲ್ಲಿಂದ ಸೇಬಾ ಎಂಬ ಊರಿನ ಫೆರಿ ಟರ್ಮಿನಲ್. ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ: ಪಿಆರ್-66, ಪಿಆರ್-3, ಪಿಆರ್-53 ರಸ್ತೆಗಳು. ಬೆಳಗಿನ ಟ್ರಾಫಿಕ್ಕಿಗೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಅಲ್ಲಿಂದ ಕುಲೇಬ್ರಾಕ್ಕೆ ಫೆರಿಯಲ್ಲಿ ಸುಮಾರು 45 ನಿಮಿಷ.

ಇಲ್ಲಿ ಜನ ಎಡವುವುದು ಹಳೆಯ ಮಾಹಿತಿಯಿಂದ. 2018ರವರೆಗೆ ಈ ಫೆರಿಗಳು ಫಹಾರ್ಡೊ ಊರಿನಿಂದ ಹೊರಡುತ್ತಿದ್ದವು. ಆಮೇಲೆ ಸೇಬಾದ ಹಳೆಯ ರೂಸ್‌ವೆಲ್ಟ್ ರೋಡ್ಸ್ ನೌಕಾನೆಲೆಯ ಜಾಗಕ್ಕೆ ಬದಲಾದವು. ಹಳೆಯ ಪ್ರವಾಸ ಪುಸ್ತಕಗಳಲ್ಲಿ ಇನ್ನೂ ಫಹಾರ್ಡೊ ಎಂದೇ ಇದೆ. ಮ್ಯಾಪಿನಲ್ಲಿ ಬರೀ ‘ಕುಲೇಬ್ರಾ ಫೆರಿ’ ಎಂದು ಹಾಕದೆ ಸೇಬಾ ಫೆರಿ ಟರ್ಮಿನಲ್ ಎಂದೇ ಹುಡುಕಿ.

ಬಾಡಿಗೆ ಕಾರನ್ನು ಸೇಬಾದಲ್ಲಿ, ಟರ್ಮಿನಲ್ ಹತ್ತಿರದ ಪಾರ್ಕಿಂಗಿನಲ್ಲಿ ಬಿಡಿ. ದ್ವೀಪಕ್ಕೆ ಒಯ್ಯಲು ಬಾಡಿಗೆ ಕಂಪನಿಗಳು ಬಿಡುವುದಿಲ್ಲ, ಒಯ್ಯುವ ಅಗತ್ಯವೂ ಇಲ್ಲ. ಕಾರಿಲ್ಲದವರು ಸಾನ್ ಹ್ವಾನ್‌ನಿಂದ ಸೇಬಾಗೆ ಊಬರ್ ಹಿಡಿಯಬಹುದು. ಆದರೆ ವಾಪಸ್ ಬರುವಾಗ ಸೇಬಾದಲ್ಲಿ ಊಬರ್ ಸಿಗುವುದು ಕಷ್ಟ, ರಾತ್ರಿಯ ಫೆರಿಯಲ್ಲಿ ಬಂದರೆ ಇನ್ನೂ ಕಷ್ಟ. ಮರಳುವ ದಿನಕ್ಕೆ ಟ್ಯಾಕ್ಸಿಯನ್ನೋ ವ್ಯಾನನ್ನೋ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಫೆರಿ ಟಿಕೆಟ್ ಎಷ್ಟು? ಸುಲಭವಾಗಿ ಸಿಗುತ್ತದೆಯೇ?

ದೊಡ್ಡವರಿಗೆ ಒಂದು ಕಡೆಗೆ 2.25 ಡಾಲರ್. ಇಷ್ಟು ಅಗ್ಗವಾಗಿರುವುದಕ್ಕೆ ಕಾರಣವಿದೆ. ಇದು ಪ್ರವಾಸಿಗರಿಗೆಂದು ಓಡಿಸುವ ದೋಣಿಯಲ್ಲ. ದ್ವೀಪದ ಜನ ಆಸ್ಪತ್ರೆಗೆ, ಸರ್ಕಾರಿ ಕೆಲಸಕ್ಕೆ, ದಿನಸಿಗೆ ಓಡಾಡುವ ಸಾರಿಗೆ. ಹಾಗಾಗಿ ಸ್ಥಳೀಯರಿಗೆ ಆದ್ಯತೆ ಇದೆ, ಇರಬೇಕಾದ್ದೇ. ಉಳಿದ ಸೀಟುಗಳು ನಮಗೆ.

ಟಿಕೆಟ್ಟನ್ನು ಫೆರಿಯ ಅಧಿಕೃತ ಜಾಲತಾಣದಲ್ಲಿ ಮುಂಗಡವಾಗಿ ಕೊಳ್ಳಿ, ಹೋಗುವುದಕ್ಕೂ ಬರುವುದಕ್ಕೂ ಒಟ್ಟಿಗೆ. ಹೋಗುವ ಟಿಕೆಟ್ ಮಾತ್ರ ತೆಗೆದುಕೊಂಡು ಬರುವುದು ಅಲ್ಲಿ ನೋಡಿಕೊಳ್ಳೋಣ ಎಂದವರು ಭಾನುವಾರ ಮಧ್ಯಾಹ್ನ ಡ್ಯೂಯಿಯ ಧಕ್ಕೆಯಲ್ಲಿ ಪೇಚಿಗೆ ಸಿಲುಕುತ್ತಾರೆ. ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹಿಂದಿನ ವರ್ಷ ಹೋದವರು ಹೇಳಿದ ಸಮಯವನ್ನು ನಂಬಬೇಡಿ, ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿ. ಟರ್ಮಿನಲ್ಲಿನಲ್ಲಿ ಒಂದು ಗಂಟೆ ಮುಂಚೆ ಇರಿ. ಪಾರ್ಕಿಂಗ್, ತಪಾಸಣೆ, ಸಾಲು ಎಲ್ಲ ಸೇರಿ ಅಷ್ಟು ಬೇಕಾಗುತ್ತದೆ.

ಸೇಬಾದಿಂದಲೇ ವಿಯೇಕೆಸ್ ದ್ವೀಪಕ್ಕೂ ಫೆರಿ ಹೊರಡುತ್ತದೆ. ಬುಕ್ ಮಾಡುವಾಗಲೂ ಸಾಲಿನಲ್ಲಿ ನಿಲ್ಲುವಾಗಲೂ ಇದು ಕುಲೇಬ್ರಾದ್ದೇ ಎಂದು ಖಾತ್ರಿ ಮಾಡಿಕೊಳ್ಳಿ.

ಫೆರಿಯಲ್ಲಿ ವಾಂತಿಯಾಗುತ್ತದೆ ಎನ್ನುತ್ತಾರೆ, ನಿಜವೇ?

ಕೆಲವರಿಗೆ ಆಗುತ್ತದೆ. ಪೂರ್ವದಿಂದ ಬೀಸುವ ವ್ಯಾಪಾರ ಮಾರುತಕ್ಕೆ ಎದುರಾಗಿ ಹೋಗುವುದರಿಂದ ಹೋಗುವಾಗಿನ ಪಯಣದಲ್ಲಿ ಹೊಯ್ದಾಟ ಹೆಚ್ಚು, ಬರುವಾಗ ಕಡಿಮೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಗಾಳಿ ಜೋರು. ಬಸ್ಸಿನಲ್ಲಿ ಆಗುಂಬೆ ಘಾಟಿ ಹತ್ತುವಾಗ ತಲೆಸುತ್ತು ಬರುವವರು ಇಲ್ಲಿಯೂ ಮಾತ್ರೆ ತೆಗೆದುಕೊಳ್ಳುವುದು ಒಳಿತು. ಅಮೆರಿಕದ ಔಷಧ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವ ಮೆಕ್ಲಿಜಿನ್ 25 ಮಿಲಿಗ್ರಾಂ, ದೊಡ್ಡವರಿಗೆ, ಹೊರಡುವ ಒಂದು ಗಂಟೆ ಮುಂಚೆ. ಊರಿನಿಂದ ಅವೋಮಿನ್ ತಂದಿದ್ದರೆ ಅದೂ ಆಗುತ್ತದೆ. ಎರಡಕ್ಕೂ ನಿದ್ದೆ ಬರುತ್ತದೆ, ಆದ್ದರಿಂದ ಕಾರು ಓಡಿಸುವವರು ಸೇಬಾ ತಲುಪಿದ ಮೇಲೆಯೇ ನುಂಗಲಿ. ಬೇರೆ ಔಷಧ ನಡೆಯುತ್ತಿರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಕೆಳಗಿನ ಅಂತಸ್ತಿನಲ್ಲಿ, ನಡುವಿನಿಂದ ಹಿಂಭಾಗಕ್ಕೆ ಕುಳಿತರೆ ಕುಲುಕಾಟ ಕಡಿಮೆ. ಮುಂಭಾಗದ ಸೀಟು ಬೇಡ. ಖಾಲಿ ಹೊಟ್ಟೆಯೂ ಬೇಡ, ಭರ್ತಿ ಹೊಟ್ಟೆಯೂ ಬೇಡ.

ವಿಮಾನದಲ್ಲಿ ಹೋದರೆ?

ಸೇಬಾದ ಸಣ್ಣ ವಿಮಾನ ನಿಲ್ದಾಣದಿಂದ ಹದಿನೈದು ನಿಮಿಷದೊಳಗೆ, ಸಾನ್ ಹ್ವಾನ್‌ನ ಇಸ್ಲಾ ಗ್ರಾಂದೆ ನಿಲ್ದಾಣದಿಂದ ಅರ್ಧ ಗಂಟೆಯಲ್ಲಿ ತಲುಪುತ್ತೀರಿ. ಒಂಬತ್ತು ಹತ್ತು ಜನ ಕೂರುವ ಪುಟ್ಟ ವಿಮಾನಗಳು. ಕೌಂಟರಿನಲ್ಲಿ ನಿಮ್ಮ ತೂಕವನ್ನೂ ಚೀಲದ ತೂಕವನ್ನೂ ನೋಡಿ, ಯಾರು ಎಲ್ಲಿ ಕೂರಬೇಕೆಂದು ಅವರೇ ಹೇಳುತ್ತಾರೆ. ಸಮತೋಲಕ್ಕಾಗಿ ಹಾಗೆ ಮಾಡುತ್ತಾರೆ, ಸಂಕೋಚ ಬೇಡ. ದೊಡ್ಡ ಸೂಟ್‌ಕೇಸ್ ನಡೆಯುವುದಿಲ್ಲ, ಮೆತ್ತನೆಯ ಚೀಲ ಒಯ್ಯಿರಿ. ಕುಲೇಬ್ರಾದಲ್ಲಿ ಇಳಿಯುವಾಗ ವಿಮಾನ ಎರಡು ಗುಡ್ಡಗಳ ನಡುವೆ ನುಗ್ಗಿ, ಕೊನೆ ಗಳಿಗೆಯಲ್ಲಿ ವಾಲಿ ರನ್‌ವೇಗೆ ಇಳಿಯುತ್ತದೆ. ಅಲ್ಲಿನ ಭೂಮಿಯೇ ಹಾಗಿದೆ. ಮೊದಲ ಬಾರಿ ಕೂರುವ ಹಿರಿಯರಿಗೆ ಇದನ್ನು ಮುಂಚೆಯೇ ಹೇಳಿಟ್ಟಿರಿ.

ಫೆರಿಗಿಂತ ಖರ್ಚು ಬಹಳ ಹೆಚ್ಚು. ಆದರೂ ಫೆರಿ ಟಿಕೆಟ್ ಮುಗಿದುಹೋದಾಗ, ಅಥವಾ ಇರುವುದು ಒಂದೂವರೆ ದಿನ ಮಾತ್ರ ಎಂದಾಗ, ಒಂದು ಕಡೆಗಾದರೂ ವಿಮಾನ ಹಿಡಿಯುವುದು ಜಾಣತನ.

ಒಂದು ರಾತ್ರಿಯ ಕಾರ್ಯಕ್ರಮ ಹೇಗಿರಲಿ?

ಬೆಳಗಿನ ಫೆರಿಯಲ್ಲಿ ಹೋಗಿ. ರೂಮು ಮಧ್ಯಾಹ್ನದ ನಂತರವೇ ಕೊಡುವುದಾದರೂ ಚೀಲ ಇಟ್ಟುಕೊಳ್ಳಲು ಒಪ್ಪುತ್ತಾರೆಯೇ ಎಂದು ಮುಂಚೆ ಕೇಳಿರಿ. ಚೀಲ ಹೊತ್ತು ಬೀಚಿಗೆ ಹೋದರೆ ಯಾರಾದರೊಬ್ಬರು ಕಾವಲು ಕೂರಬೇಕಾಗುತ್ತದೆ. ಡ್ಯೂಯಿಯಲ್ಲೇ ಊಟ ಮುಗಿಸಿ, ಮಧ್ಯಾಹ್ನ ಒಂದೂವರೆಗೆ ಫ್ಲಮೆಂಕೊ ತಲುಪಿ, ಐದೂವರೆಯವರೆಗೆ ಅಲ್ಲೇ ಇರಿ. ಸಂಜೆ ಊರಿನ ಕಾಲುವೆ ದಂಡೆಯಲ್ಲೋ ಎನ್ಸೆನಾಡಾ ಹೊಂಡಾ ಕೊಲ್ಲಿಯ ದಂಡೆಯಲ್ಲೋ ಊಟ. ಕೊಲ್ಲಿಯ ಧಕ್ಕೆಯ ದೀಪದ ಕೆಳಗೆ ಟಾರ್ಪನ್ ಮೀನುಗಳು ಸುತ್ತುವುದನ್ನು ಮಕ್ಕಳಿಗೆ ತೋರಿಸಿ. ಕೆಲವು ಆಳೆತ್ತರ ಇರುತ್ತವೆ, ಹುರುಪೆಗಳು ಅಂಗೈಯಗಲ, ಪಕ್ಕಕ್ಕೆ ಹೊರಳಿದಾಗ ಬೆಳ್ಳಿ ತಟ್ಟೆ ಮಗುಚಿದಂತೆ ಮಿಂಚುತ್ತವೆ. ಬೇಗ ಮಲಗಿ.

ಮರುದಿನ ಏಳೂವರೆಗೆ ಹೊರಟು ಎಂಟಕ್ಕೆ ತಮರಿಂಡೊ. ಹತ್ತೂವರೆಗೆ ವಾಪಸ್, ಸ್ನಾನ, ರೂಮು ಖಾಲಿ, ಊಟ, ಮಧ್ಯಾಹ್ನದ ಫೆರಿ. ಆ ರಾತ್ರಿ ಲುಕೀಯೊ, ಫಹಾರ್ಡೊ ಅಥವಾ ಸಾನ್ ಹ್ವಾನ್‌ನಲ್ಲಿ ತಂಗಿ.

ಮನೆಗೆ ಮರಳುವ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಲೇಬೇಡಿ. ಫೆರಿ ತಡವಾಗುವುದು, ಯಂತ್ರ ಕೆಡುವುದು, ಅಲೆ ಎದ್ದು ರದ್ದಾಗುವುದು ಇಲ್ಲಿ ಅಪರೂಪವಲ್ಲ. ನಡುವೆ ಒಂದು ರಾತ್ರಿ ಇದ್ದರೆ ಇವೆಲ್ಲ ಸಣ್ಣ ತೊಂದರೆಗಳು. ಇಲ್ಲದಿದ್ದರೆ ಇಡೀ ಕುಟುಂಬದ ಟಿಕೆಟ್ ಹಾಳು.

ದ್ವೀಪದೊಳಗೆ ಓಡಾಡಲು ಜೀಪ್ ಬೇಕೇ, ಗಾಲ್ಫ್ ಕಾರ್ಟ್ ಸಾಕೇ?

ಫ್ಲಮೆಂಕೊ ಒಂದಕ್ಕೇ ಆದರೆ ಎರಡೂ ಬೇಡ. ಧಕ್ಕೆಯ ಎದುರಿಗೇ ಪೂಬ್ಲಿಕೊ ಎನ್ನುವ ಹಂಚಿಕೆ ವ್ಯಾನುಗಳು ನಿಂತಿರುತ್ತವೆ, ತಲೆಗೆ ಸುಮಾರು 5 ಡಾಲರ್. ನಗದು ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಇಳಿಯುವಾಗಲೇ ಚಾಲಕರಿಗೆ ಎಷ್ಟು ಹೊತ್ತಿಗೆ ವಾಪಸ್ ಎಂದು ಹೇಳಿ ಫೋನ್ ನಂಬರ್ ತೆಗೆದುಕೊಳ್ಳಿ. ಮಧ್ಯಾಹ್ನದ ಫೆರಿಗೆ ಜನರನ್ನು ಸಾಗಿಸಿದ ಮೇಲೆ ಬೀಚಿನ ಬಳಿ ವ್ಯಾನು ತಾನಾಗಿ ಸಿಗುವುದು ಕಡಿಮೆ. ಅಲ್ಲಿಂದ ಡ್ಯೂಯಿಗೆ ಸುಮಾರು 4 ಕಿ.ಮೀ., ನಡುವೆ ಏರು ಇದೆ, ಕತ್ತಲಲ್ಲಿ ನಡೆಯುವ ರಸ್ತೆಯಲ್ಲ.

ತಮರಿಂಡೊಗೂ ಹೋಗುವುದಾದರೆ ಗಾಲ್ಫ್ ಕಾರ್ಟ್ ಅನುಕೂಲ. ಪೂರ್ವ ತುದಿಯ ಝೋನಿ ಬೀಚಿನ ಆಸೆಯಿದ್ದರೆ ಜೀಪೇ ತೆಗೆದುಕೊಳ್ಳಿ. ಆ ರಸ್ತೆಯ ಏರುಗಳಲ್ಲಿ ನಾಲ್ಕು ಜನ ಹೊತ್ತ ಕಾರ್ಟ್ ಉಸಿರುಗಟ್ಟುತ್ತದೆ. ಯಾವುದೇ ಗಾಡಿಯಾದರೂ ವಾರಗಳ ಮುಂಚೆ ಕಾಯ್ದಿರಿಸಿ, ಇರುವುದೇ ಕೆಲವು. ಗಾಡಿ ಪಡೆಯುವಾಗ ಗೀರು, ಟೈರು, ಪೆಟ್ರೋಲ್ ಮುಳ್ಳು ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಇನ್ನೊಂದು ವಿಷಯ: ಪೋರ್ಟೊ ರಿಕೊದಲ್ಲಿ ದೂರದ ಫಲಕಗಳು ಕಿಲೋಮೀಟರಿನಲ್ಲಿ, ವೇಗದ ಮಿತಿ ಮೈಲಿಯಲ್ಲಿ, ಪೆಟ್ರೋಲ್ ಲೀಟರಿನಲ್ಲಿ.

ಫ್ಲಮೆಂಕೊ ಬೀಚಿನಲ್ಲಿ ಏನೇನಿದೆ? ಅಲ್ಲಿರುವ ಯುದ್ಧ ಟ್ಯಾಂಕ್ ಏನು?

ಕುದುರೆ ಲಾಳದಂತೆ ಬಾಗಿದ, ಸುಮಾರು ಒಂದೂವರೆ ಕಿ.ಮೀ. ಉದ್ದದ ಬಿಳಿ ಮರಳು. ಪ್ರವೇಶಕ್ಕೆ ತಲೆಗೆ 2 ಡಾಲರ್ ತೆಗೆದುಕೊಳ್ಳುತ್ತಾರೆ, ಗಾಡಿಗೆ ಪಾರ್ಕಿಂಗ್ ಬೇರೆ. ಶೌಚಾಲಯ, ಷವರ್, ತಿಂಡಿ ಅಂಗಡಿಗಳ ಸಾಲು, ಬಾಡಿಗೆಗೆ ಕುರ್ಚಿ ಛತ್ರಿ ಇವೆ. ಷವರಿನಲ್ಲಿ ಎಲ್ಲ ದಿನವೂ ನೀರು ಬರುತ್ತದೆಂದು ನಂಬಬೇಡಿ, ಮೈಗೆ ಸುರಿದುಕೊಳ್ಳಲು ಎರಡು ಬಾಟಲಿ ನೀರು ಹೆಚ್ಚಿಗೆ ಇರಲಿ.

ತೀರದ ಪಶ್ಚಿಮದ ಕಡೆ ನಡೆದರೆ ತುಕ್ಕು ಹಿಡಿದ ಶೆರ್ಮನ್ ಟ್ಯಾಂಕ್ ಸಿಗುತ್ತದೆ. ಅಮೆರಿಕದ ನೌಕಾಪಡೆ ದಶಕಗಳ ಕಾಲ ಈ ದ್ವೀಪವನ್ನು ಗುಂಡು, ಬಾಂಬ್ ಅಭ್ಯಾಸಕ್ಕೆ ಬಳಸಿತು. ಟ್ಯಾಂಕುಗಳು ಗುರಿಯಿಡಲು ತಂದಿಟ್ಟಿದ್ದವು. ಜನ ತಮ್ಮ ಮನೆಯಂಗಳದಲ್ಲಿ ಬಾಂಬ್ ಬೀಳುವುದನ್ನು ಸಹಿಸಿ ಸಾಕಾಗಿ 1970ರ ದಶಕದ ಆರಂಭದಲ್ಲಿ ಬೀದಿಗಿಳಿದರು, ಜೈಲಿಗೂ ಹೋದರು. 1975ರಲ್ಲಿ ನೌಕಾಪಡೆ ಅಭ್ಯಾಸ ನಿಲ್ಲಿಸಿ ಹೊರಟಿತು. ಟ್ಯಾಂಕಿನ ಮೇಲೆ ಈಗ ಹಸಿರು, ಹಳದಿ, ನೀಲಿ ಬಣ್ಣ ಪದರ ಪದರವಾಗಿ ಕೂತಿದೆ. ಚಕ್ಕೆ ಎದ್ದಲ್ಲಿ ಕೆಳಗಿನ ತುಕ್ಕು ಕಾಣುತ್ತದೆ. ಮಕ್ಕಳು ಹತ್ತದಂತೆ ನೋಡಿಕೊಳ್ಳಿ, ಅಂಚುಗಳು ಹರಿತ. ಈ ತೀರದ ನೆಮ್ಮದಿಯನ್ನು ಯಾರು ಹೋರಾಡಿ ಗಳಿಸಿದರು ಎಂಬುದನ್ನು ಅಲ್ಲಿ ನಿಂತು ಮಕ್ಕಳಿಗೆ ಹೇಳುವುದು ಒಳ್ಳೆಯದು.

ಆ ಅಭ್ಯಾಸದ ಸಿಡಿಯದ ಮದ್ದುಗುಂಡುಗಳು ಇಂದಿಗೂ ದ್ವೀಪದ ವಾಯವ್ಯ ಭಾಗದಲ್ಲೂ ಸುತ್ತಲ ನೀರಿನಲ್ಲೂ ಸಿಗುತ್ತವೆ. ಬೇಲಿ, ಎಚ್ಚರಿಕೆ ಫಲಕ ದಾಟಬೇಡಿ. ಮರಳಿನಲ್ಲೋ ಹವಳದ ನಡುವೆಯೋ ಕೊಳವೆಯಂಥ ಲೋಹದ ವಸ್ತು ಕಂಡರೆ ಮುಟ್ಟದೆ ಹಿಂದೆ ಸರಿದು 911ಕ್ಕೆ ತಿಳಿಸಿ.

ಫ್ಲಮೆಂಕೊ ಈಜಲು ಸುರಕ್ಷಿತವೇ?

ಬೇಸಿಗೆಯ ಬಹುತೇಕ ದಿನಗಳಲ್ಲಿ ಹೌದು. ನವೆಂಬರಿನಿಂದ ಮಾರ್ಚಿನವರೆಗೆ ಎಚ್ಚರ ಬೇಕು. ಈ ತೀರ ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿಗಳು ಎಬ್ಬಿಸಿದ ಅಲೆ ಸಾವಿರಾರು ಕಿ.ಮೀ. ದಾಟಿ ನೇರ ಇಲ್ಲಿಗೆ ಬಡಿಯುತ್ತದೆ. ಆಕಾಶ ಶುಭ್ರವಾಗಿದ್ದರೂ ಸೆಳೆತ ಇರುತ್ತದೆ, ಅದೇ ಜನರನ್ನು ಮೋಸಗೊಳಿಸುವುದು. ಅಲೆಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಕಡುಬಣ್ಣಕ್ಕೆ ತಿರುಗಿ ಕಡಲ ಕಡೆಗೆ ಹರಿಯುತ್ತಿದ್ದರೆ, ಸೆಳೆತ ಇರುವುದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬನ್ನಿ. ಕೆಂಪು ಬಾವುಟ ಕಂಡರೆ ನೀರಿಗಿಳಿಯದೆ ಪಶ್ಚಿಮದ ತಮರಿಂಡೊ ಅಥವಾ ಮೆಲೋನೆಸ್ ಬೀಚಿಗೆ ಹೋಗಿ. ದ್ವೀಪವೇ ಗಾಳಿಗೆ ಅಡ್ಡ ನಿಲ್ಲುವುದರಿಂದ ಅಲ್ಲಿ ನೀರು ಶಾಂತ.

ತಮರಿಂಡೊದಲ್ಲಿ ಆಮೆ ನೋಡುವುದು ಹೇಗೆ? ಈಜು ಬಾರದವರೂ ನೋಡಬಹುದೇ?

ಈಜು ಸರಿಯಾಗಿ ಬಾರದವರು ಲೈಫ್ ಜಾಕೆಟ್ ಹಾಕಿಕೊಂಡು, ಈಜು ಬಲ್ಲವರೊಬ್ಬರ ಜೊತೆ, ದಡದ ಹತ್ತಿರವೇ ಇಳಿಯಬಹುದು. ಮಾಸ್ಕ್, ಸ್ನಾರ್ಕೆಲ್ (ಮುಖ ನೀರಿನಲ್ಲಿಟ್ಟೇ ಉಸಿರಾಡುವ ಕೊಳವೆ), ಜಾಕೆಟ್ ಡ್ಯೂಯಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಹಿಂದಿನ ಸಂಜೆಯೇ ತೆಗೆದುಕೊಳ್ಳಿ, ಬೆಳಿಗ್ಗೆ ಅಂಗಡಿ ತೆರೆಯುವವರೆಗೆ ಕಾದರೆ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ.

ದಡದಲ್ಲಿ ಮರಳಿಗಿಂತ ಕಲ್ಲು ಹೆಚ್ಚು, ನೀರಿನ ಚಪ್ಪಲಿ ಬೇಕು. ಇಳಿದು ಸ್ವಲ್ಪ ದೂರ ಹೋದರೆ ತಳದಲ್ಲಿ ಕಡಲ ಹುಲ್ಲು ಶುರುವಾಗುತ್ತದೆ. ಹಸಿರಾಮೆಗಳು ಮೇಯುವುದು ಅಲ್ಲಿ. ಹುಡುಕಿಕೊಂಡು ಅತ್ತಿತ್ತ ಈಜಬೇಡಿ. ಹುಲ್ಲಿನ ಮೇಲೆ ಒಂದೇ ಕಡೆ ಅಲುಗಾಡದೆ ತೇಲುತ್ತ ಕಾಯಿರಿ. ಆಮೆ ಕೆಲವು ನಿಮಿಷಗಳಿಗೊಮ್ಮೆ ಉಸಿರಿಗೆ ಮೇಲೆ ಬರುತ್ತದೆ, ಎರಡು ಮೂರು ಸಲ ಉಸಿರೆಳೆದು ಮತ್ತೆ ಅದೇ ಜಾಗಕ್ಕೆ ಇಳಿಯುತ್ತದೆ. ಮುಂಗಾಲುಗಳ ನಡುವೆ ಹುಲ್ಲು ಕಚ್ಚಿ ಕತ್ತು ಹೊರಳಿಸಿ ಕಿತ್ತಾಗ ಮರಳಿನ ಸಣ್ಣ ಮೋಡ ಏಳುತ್ತದೆ, ಚಿಪ್ಪಿಗೆ ಅಂಟಿಕೊಂಡ ರೆಮೋರಾ ಮೀನೂ ಎಷ್ಟೋ ಸಲ ಕಾಣುತ್ತದೆ. ಕನಿಷ್ಠ ಮೂರು ನಾಲ್ಕು ಮೀಟರ್ ದೂರ ಇರಿ, ಅದು ಮೇಲೇರುವ ದಾರಿಗೆ ಅಡ್ಡ ಬರಬೇಡಿ. ಮುಟ್ಟುವುದು, ಬೆನ್ನಟ್ಟುವುದು ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ಅಪರಾಧ.

ಮಾಸ್ಕಿನ ಗಾಜು ಮಂಜಾಗುತ್ತಿದ್ದರೆ ಒಳಬದಿಗೆ ಒಂದು ಹನಿ ಮಕ್ಕಳ ಶಾಂಪೂ ಸವರಿ ತೊಳೆಯಿರಿ. ಮೀಸೆಯಿರುವವರಿಗೆ ಮೂಗಿನ ಕೆಳಗೆ ನೀರು ಸೋರುತ್ತದೆ, ಅಲ್ಲಿ ತುಸು ವ್ಯಾಸಲೀನ್ ಹಚ್ಚಿದರೆ ನಿಲ್ಲುತ್ತದೆ. ಎದುರಿಗೆ ಕಾಣುವ ಲೂಯಿಸ್ ಪೆನ್ಯಾ ದ್ವೀಪ ಹತ್ತಿರವೆನಿಸಿದರೂ ನಡುವಿನ ಕಾಲುವೆಯಲ್ಲಿ ಪ್ರವಾಹ ಬಲವಾಗಿದೆ, ಅತ್ತ ಈಜಬೇಡಿ. 1999ರಿಂದ ಈ ಕಾಲುವೆ ಸಂರಕ್ಷಿತ ವಲಯ, ಮೀನು ಹಿಡಿಯುವಂತಿಲ್ಲ. ಮೈತುಂಬ ಸನ್‌ಸ್ಕ್ರೀನ್ ಬಳಿಯುವ ಬದಲು ಉದ್ದ ತೋಳಿನ ಈಜು ಅಂಗಿ ಹಾಕಿದರೆ ಬೆನ್ನೂ ಸುಡುವುದಿಲ್ಲ, ಹವಳಕ್ಕೂ ಒಳಿತು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ತೊಂದರೆ ಇರುವುದು ಸಸ್ಯಾಹಾರದಂತೆ ಕಾಣುವ ಪದಾರ್ಥಗಳಲ್ಲಿ. ಅನ್ನದ ಜೊತೆ ಬರುವ ಅಬಿಚುವೇಲಾಸ್, ಅಂದರೆ ರಾಜ್ಮಾ ಜಾತಿಯ ಕಾಳಿನ ಸಾರಿಗೆ, ಎಷ್ಟೋ ಕಡೆ ಹಂದಿ ಮಾಂಸದ ತುಂಡು ಹಾಕುತ್ತಾರೆ. ಮೊಫೊಂಗೊ ಎಂದರೆ ಬಾಳೆಕಾಯಿ ಕರಿದು ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು. ಅದರೊಳಗೆ ಹಂದಿ ಚರ್ಮದ ಚಕ್ಕೆ ಇರಬಹುದು, ಮೇಲೆ ಕೋಳಿ ಸಾರು ಸುರಿದಿರಬಹುದು. ಬೀಚಿನ ಅಂಗಡಿಯ ಬಕಲಾಯ್ತೊ ನೋಡಲು ಬಜ್ಜಿ, ಒಳಗಿರುವುದು ಕಾಡ್ ಮೀನು. ಅಲ್ಕಾಪುರಿಯಾದಲ್ಲೂ ಸಾಮಾನ್ಯವಾಗಿ ಮಾಂಸ ಅಥವಾ ಏಡಿ.

ಧೈರ್ಯವಾಗಿ ಕೇಳಬಹುದಾದ್ದು ತೊಸ್ತೋನೆಸ್: ಬಾಳೆಕಾಯಿ ಬಿಲ್ಲೆಯನ್ನು ಒಮ್ಮೆ ಕರಿದು, ಚಪ್ಪಟೆ ಮಾಡಿ, ಮತ್ತೆ ಕರಿದದ್ದು. ಇದೇ ರೀತಿ ಪಾನಾದಲ್ಲೂ ಮಾಡುತ್ತಾರೆ. ಪಾನಾ ಎಂದರೆ ನಮ್ಮ ದಕ್ಷಿಣ ಕನ್ನಡದ ಜೀಗುಜ್ಜೆ. ಸಿಕ್ಕರೆ ಬಿಡಬೇಡಿ. ಮಾಗಿದ ಬಾಳೆಯ ಅಮರೀಯೊಸ್, ಮೆಕ್ಕೆಜೋಳದ ಸೊರುಯಿತೋಸ್ ಕೂಡ ಆಗುತ್ತವೆ. ಕರಿಯುವ ಎಣ್ಣೆ ಮೀನು ಮಾಂಸಕ್ಕೂ ಒಂದೇ ಇರುತ್ತದೆ, ಅದು ಒಗ್ಗದವರು ಅಡುಗೆ ಮನೆಯಿರುವ ವಸತಿಯನ್ನೇ ಹಿಡಿಯಿರಿ. ಅಕ್ಕಿ, ಅವಲಕ್ಕಿ, ಸಾರಿನ ಪುಡಿ, ಉಪ್ಪಿಟ್ಟಿನ ಪ್ಯಾಕೆಟ್ ಒಂದು ರಾತ್ರಿಗೆ ಸಾಕು. ಮೊಸರು, ತರಕಾರಿಯನ್ನು ಫಹಾರ್ಡೊದ ದೊಡ್ಡ ಅಂಗಡಿಗಳಲ್ಲಿ ಕೊಂಡು ಹೋಗಿ. ದ್ವೀಪದ ಅಂಗಡಿಗಳಿಗೆ ಸರಕು ದೋಣಿಯಲ್ಲೇ ಬರಬೇಕು, ಬೆಲೆ ಹೆಚ್ಚು, ಆಯ್ಕೆ ಕಡಿಮೆ.

ಹೇಳಬೇಕಾದ ಸ್ಪ್ಯಾನಿಷ್ ಇಷ್ಟು: ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೊಯೊ, ಸಿನ್ ಪೆಸ್ಕಾದೊ’. ಮಾಂಸ, ಹಂದಿ, ಕೋಳಿ, ಮೀನು ಬೇಡ ಎಂದು. ಬರೀ ‘ಸಿನ್ ಕಾರ್ನೆ’ ಎಂದರೆ ಕೋಳಿ ಬಂದೀತು. ವಾರದ ನಡುವೆ ಕೆಲವು ಹೋಟೆಲುಗಳು ಮುಚ್ಚಿರುತ್ತವೆ, ರಾತ್ರಿ ಒಂಬತ್ತರ ಮೇಲೆ ಊಟ ಸಿಗುವುದು ಕಷ್ಟ.

ಎಲ್ಲಿ ತಂಗುವುದು?

ಗಾಡಿ ಇಲ್ಲದಿದ್ದರೆ ಧಕ್ಕೆಯಿಂದ ನಡೆದು ಹೋಗುವಷ್ಟು ಹತ್ತಿರ, ಡ್ಯೂಯಿಯಲ್ಲಿ. ಗಾಡಿ ಇದ್ದರೆ ಗುಡ್ಡದ ಮೇಲಿನ ಮನೆಗಳು ಚೆಂದ. ಕಾಯ್ದಿರಿಸುವ ಮುಂಚೆ ಎರಡು ಪ್ರಶ್ನೆ ಕೇಳಿ: ಕರೆಂಟು ಹೋದರೆ ಜನರೇಟರ್ ಅಥವಾ ಬ್ಯಾಟರಿ ಇದೆಯೇ, ನೀರಿನ ಟ್ಯಾಂಕ್ ಇದೆಯೇ. ಇಲ್ಲಿ ನದಿಯಿಲ್ಲ. ನೀರೂ ವಿದ್ಯುತ್ತೂ ಸಮುದ್ರದ ತಳದ ಕೊಳವೆ, ಕೇಬಲ್ಲುಗಳಲ್ಲಿ ಬರುತ್ತವೆ, ಹಾಗಾಗಿ ದೂರದ ದೋಷವೂ ಇಲ್ಲಿ ನಲ್ಲಿ ಒಣಗಿಸಬಲ್ಲದು. ಟೆಂಟ್ ಹಾಕಲು ಅವಕಾಶವಿರುವುದು ಫ್ಲಮೆಂಕೊದ ಕ್ಯಾಂಪ್ ಜಾಗದಲ್ಲಿ ಮಾತ್ರ, ಅದು ತೆರೆದಿದೆಯೇ ಎಂದು ಮುಂಚೆ ವಿಚಾರಿಸಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರಗಳು ನಮ್ಮ ಮೊದಲ ಆಯ್ಕೆ. ಉತ್ತರದ ಅಲೆ ತಗ್ಗಿರುತ್ತದೆ, ಚಂಡಮಾರುತದ ಕಾವು ಏರಿರುವುದಿಲ್ಲ. ಚಂಡಮಾರುತ ಕಾಲ ಜೂನ್ 1ರಿಂದ ನವೆಂಬರ್ 30. ಅದರಲ್ಲೂ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅಪಾಯ ಹೆಚ್ಚು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ, ಮರಿಯಾ ಎರಡೂ ಎರಡು ವಾರದ ಅಂತರದಲ್ಲಿ ಇಲ್ಲಿಗೆ ಹೊಡೆದವು. ಆಗ ಹೋಗುವುದಾದರೆ ಹಣ ವಾಪಸ್ ಸಿಗುವ ಬುಕಿಂಗ್ ಮಾತ್ರ ಮಾಡಿ.

ಈಸ್ಟರ್ ಮುಂಚಿನ ಪವಿತ್ರ ವಾರ ಮತ್ತು ಜುಲೈನ ವಾರಾಂತ್ಯ ಬೇಡ, ಪೋರ್ಟೊ ರಿಕೊದ ಜನರೇ ಕಿಕ್ಕಿರಿದು ಬರುತ್ತಾರೆ. ಮಂಗಳವಾರ, ಬುಧವಾರ ಹೋಗುವುದು ಎಲ್ಲಕ್ಕಿಂತ ಲೇಸು.

ವಿಯೇಕೆಸ್ ಒಳ್ಳೆಯದೋ, ಕುಲೇಬ್ರಾ ಒಳ್ಳೆಯದೋ?

ರಾತ್ರಿ ಹೊಳೆಯುವ ನೀರು ನೋಡಬೇಕೆಂದಿದ್ದರೆ ವಿಯೇಕೆಸ್‌ನ ಮಸ್ಕೀಟೊ ಕೊಲ್ಲಿ, ಅದೂ ಅಮಾವಾಸ್ಯೆಯ ಆಸುಪಾಸು. ಬೆಳದಿಂಗಳಿನಲ್ಲಿ ಹೊಳಪು ಕಾಣದು. ಬೀಚು, ಆಮೆ, ಸ್ನಾರ್ಕ್ಲಿಂಗ್ ಬೇಕೆಂದರೆ ಕುಲೇಬ್ರಾ. ಒಂದೇ ರಾತ್ರಿಯಲ್ಲಿ ಎರಡನ್ನೂ ಮಾಡಲು ಹೋಗಬೇಡಿ.

ಸೊಳ್ಳೆ, ವಿಷದ ಮರ, ಆಸ್ಪತ್ರೆ?

ಸೊಳ್ಳೆ ಇದೆ, ಪೋರ್ಟೊ ರಿಕೊದಲ್ಲಿ ಡೆಂಗಿಯೂ ಇದೆ. 2024ರ ಮಾರ್ಚಿನಲ್ಲಿ ಅಲ್ಲಿನ ಸರ್ಕಾರ ಡೆಂಗಿಗಾಗಿ ಆರೋಗ್ಯ ತುರ್ತುಸ್ಥಿತಿ ಘೋಷಿಸಿತ್ತು. ಹಗಲಲ್ಲೂ ಸೊಳ್ಳೆ ಔಷಧಿ ಹಚ್ಚಿಕೊಳ್ಳಿ. ಮುಸ್ಸಂಜೆ ಬೀಚಿನಲ್ಲಿ ಕಣ್ಣಿಗೆ ಕಾಣದ ಮರಳು ನೊಣ ಕಾಲು ಕಚ್ಚುತ್ತದೆ.

ಕಡಲ ಅಂಚಿನಲ್ಲಿ ಮಾನ್ಸಾನೀಯೊ ಎಂಬ ಮರ ಇರಬಹುದು. ಸಣ್ಣ ಹಸಿರು ಸೇಬಿನಂಥ ಕಾಯಿ, ಹಾಲಿನಂಥ ರಸ. ಕಾಯಿ ತಿನ್ನಬಾರದು, ರಸ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಮಳೆ ಬಂದಾಗ ಅದರಡಿ ನಿಂತರೂ ಅಷ್ಟೆ. ಗೊತ್ತಿಲ್ಲದ ಕಾಯಿಯನ್ನು ಮಕ್ಕಳು ಮುಟ್ಟದಿರಲಿ.

ದ್ವೀಪದಲ್ಲಿರುವುದು ಸಣ್ಣ ಆಸ್ಪತ್ರೆ. ಗಂಭೀರವಾದರೆ ರೋಗಿಯನ್ನು ಮುಖ್ಯ ದ್ವೀಪಕ್ಕೆ ಸಾಗಿಸಬೇಕಾಗುತ್ತದೆ. ಬಿಪಿ, ಸಕ್ಕರೆ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಒಯ್ಯಿರಿ. ಅಪ್ಪ ಅಮ್ಮನ ಪ್ರವಾಸಿ ವಿಮೆಯ ಕಾಗದ ಫೋನಿನಲ್ಲಿ ಮಾತ್ರವಲ್ಲ, ಮುದ್ರಿಸಿಯೂ ಇಟ್ಟುಕೊಳ್ಳಿ.

ಹಣ, ಫೋನ್, ಸಮಯ?

ಡಾಲರೇ ನಡೆಯುತ್ತದೆ. ತಲೆಗೆ 60ರಿಂದ 80 ಡಾಲರ್ ನಗದು ಇರಲಿ. ಎಟಿಎಂ ಕಡಿಮೆ, ಕರೆಂಟು ಹೋದರೆ ಅವೂ ಇಲ್ಲ, ಕಾರ್ಡ್ ಯಂತ್ರವೂ ಇಲ್ಲ. ಅಮೆರಿಕದ ಫೋನ್ ಪ್ಲಾನುಗಳು ಸಾಮಾನ್ಯವಾಗಿ ದೇಶದೊಳಗಿನಂತೆಯೇ ಕೆಲಸ ಮಾಡುತ್ತವೆ, ಗುಡ್ಡದ ಮರೆಯಲ್ಲಿ ಸಿಗ್ನಲ್ ಹೋಗುತ್ತದೆ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಸಮಯವೇ, ಚಳಿಗಾಲದಲ್ಲಿ ಒಂದು ಗಂಟೆ ಮುಂದೆ. ಊರಿಗೆ ಫೋನ್ ಮಾಡುವವರಿಗೆ: ಭಾರತ ಒಂಬತ್ತೂವರೆ ಗಂಟೆ ಮುಂದಿದೆ.

ಬರುವಾಗ ಮಾವಿನಹಣ್ಣು ತರಬಹುದೇ?

ಸಾನ್ ಹ್ವಾನ್ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್‌ಗೂ ಮುಂಚೆ ಎಲ್ಲ ಚೀಲಗಳನ್ನೂ ಅಮೆರಿಕದ ಕೃಷಿ ಇಲಾಖೆಯವರು ಯಂತ್ರದಲ್ಲಿ ನೋಡುತ್ತಾರೆ. ಹಣ್ಣಿನ ನೊಣ, ರೋಗ ಮುಖ್ಯಭೂಮಿಗೆ ಹರಡದಿರಲೆಂದು ಈ ತಪಾಸಣೆ. ತಾಜಾ ಮಾವು ಬಿಡುವುದಿಲ್ಲ, ಮಣ್ಣಿನ ಗಿಡವನ್ನೂ ಬಿಡುವುದಿಲ್ಲ. ಪುಡಿ ಮಾಡಿದ ಕಾಫಿ, ಪ್ಯಾಕೆಟ್ ತಿಂಡಿಗೆ ಅಡ್ಡಿಯಿಲ್ಲ. ಈ ಸಾಲಿಗೆ ಇಪ್ಪತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ, ಉಳಿದ ಹಣ್ಣನ್ನು ಹಿಂದಿನ ರಾತ್ರಿಯೇ ತಿಂದು ಮುಗಿಸಿ.